ಕೆಂಪು ದಾರದ ಮಗ್ಗುಲು

ಇಳಕಲ್ಲಿನ ಪಿಂಜಾರ ಖಾಸಿಂಸಾಬನ ಮೂಗು ಹೇಗಿದೆ ಎಂದು ಕೇಳಿದರೆ ಅವನ ಗಿರಾಕಿಗಳಲ್ಲೇ ಅರ್ಧ ಮಂದಿ ತಲೆ ಕೆರೆದುಕೊಳ್ಳುತ್ತಿದ್ದರು. ಗಾದಿಯ ಹತ್ತಿ ಹಿಂಜುವುದು ಅವನ ಕಸುಬು. ಬಿಲ್ಲಿನ ತಂತಿ ಮಿಡಿದರೆ ಸಾಕು, ಮನೆ ತುಂಬ ಹತ್ತಿಯ ಧೂಳು ಏಳುತ್ತಿತ್ತು. ಹೀಗಾಗಿ ಮೂವತ್ತು ವರ್ಷಗಳಿಂದ ಅವನ ಮೂಗು ಬಾಯಿಗೆ ಹಳೆಯ ಸೀರೆಯ ತುಂಡು, ಎರಡು ಪದರ, ಹಿಂದೆ ಗಂಟು. ಹೊರಮಗ್ಗುಲಿನ ಪದರಕ್ಕೆ ಮಾತ್ರ ಕೆಂಪು ದಾರದಿಂದ ಒಂದು ಹೊಲಿಗೆ ಹಾಕಿರುತ್ತಿದ್ದ. ನೀರು ಕುಡಿಯಲು ಬಿಚ್ಚಿ ಮತ್ತೆ ಕಟ್ಟುವಾಗ ಮಗ್ಗುಲು ತಪ್ಪಿದರೆ, ಅಷ್ಟು ಹೊತ್ತು ತಡೆದ ಧೂಳೆಲ್ಲ ನೇರ ಒಳಗೆ. ಈ ಗುರುತು ಅವನಿಗೆ ಯಾರೂ ಕಲಿಸಿದ್ದಲ್ಲ, ಕೆಮ್ಮಿ ಕೆಮ್ಮಿ ಕಲಿತದ್ದು.

“ಏನಲೇ ಖಾಸಿಂ, ಮೂಗು ಯಾರರೆ ಕದ್ದಾರೇನು?” ಎಂದು ಪಕ್ಕದ ಮನೆಯ ನೇಕಾರ ತಿಮ್ಮಣ್ಣ ದಿನಾ ಕೇಳುತ್ತಿದ್ದ. ಖಾಸಿಂಸಾಬ ನಗುತ್ತಿದ್ದ. ನಕ್ಕದ್ದು ಮಾತ್ರ ಯಾರಿಗೂ ಕಾಣುತ್ತಿರಲಿಲ್ಲ.

ಆ ನಗು ನಿಂತದ್ದು ಸಾವಿರದ ಒಂಬೈನೂರ ಐವತ್ತೇಳರ ಬೇಸಿಗೆಯಲ್ಲಿ. ಕೆರೂರಿನ ಅರಿವೆ ವ್ಯಾಪಾರಿ ಮಲೀಕಸಾಬ ತನ್ನ ಮಗನಿಗೆ ಹೆಣ್ಣು ನೋಡಲು ಬಂದ. ಖಾಸಿಂಸಾಬನ ಒಬ್ಬಳೇ ಮಗಳು ಲಾಲಬಿ ಮನಸ್ಸಿಗೆ ಬಂದಳು. ಬಾರದೇ ಇದ್ದದ್ದು ಅಪ್ಪನ ಕೊರಳಲ್ಲಿ ಜೋತಿದ್ದ ಆ ಬಟ್ಟೆ.

“ಹುಡುಗಿ ಚಲೋ ಅದಾಳ. ಆದ್ರ ನೀವು ಆ ಅರಿವಿ ಬಿಡ್ರಿ. ಎದಿರೋಗದ ಮನಿ ಅಂತ ಮಂದಿ ಆಡ್ಕೋತಾರ,” ಎಂದು ಹೇಳಿ ಹೋದ.

ಮಗಳ ಬಾಳಿನ ಮುಂದೆ ಬಟ್ಟೆಯ ತುಂಡು ಯಾವ ಲೆಕ್ಕ? ಖಾಸಿಂಸಾಬ ಮರುದಿನವೇ ಬರಿಮುಖದಲ್ಲಿ ಬಿಲ್ಲು ಹಿಡಿದ. ಮೂರನೆಯ ದಿನ ಕೆಮ್ಮಿ ಕೆಮ್ಮಿ ಗೋಡೆ ಹಿಡಿದು ಕೂತ. ಲಾಲಬಿ ಬಟ್ಟೆ ಒಗೆದು ಒಣಗಿಸಿ ತಂದು ಅವನ ತೊಡೆಯ ಮೇಲೆ ಇಟ್ಟಳು.

“ಕಟ್ಕೋ ಯಪ್ಪಾ. ನಿನ್ನ ಉಸಿರು ಕೊಟ್ಟು ನನಗ ಗಂಡ ಬ್ಯಾಡ.”

ಅವನು ಕಟ್ಟಿಕೊಂಡ. ಆ ಸುದ್ದಿ ಕೆರೂರಿಗೂ ಮುಟ್ಟಿತು. ಅಲ್ಲಿಂದ ಹೂಂ ಇಲ್ಲ, ಉಹೂಂ ಇಲ್ಲ. ಖಾಸಿಂಸಾಬ ಒಳಗೊಳಗೇ ಕುದಿದ.

ಅಷ್ಟರಲ್ಲಿ ಮಳೆಗಾಲದ ಜೊತೆಗೆ ಫ್ಲೂ ಜ್ವರ ಬಂತು. ಮನೆಗೆ ಇಬ್ಬರಂತೆ ಮಲಗತೊಡಗಿದಾಗ, ಮೂಗಿಗೆ ಬಟ್ಟೆ ಕಟ್ಟಿ ಎಂದು ದವಾಖಾನೆಯ ಕಂಪೌಂಡರ್ ಪಂಢರೀನಾಥರು ಓಣಿ ಓಣಿ ತಿರುಗಿ ಹೇಳಿದರು. ಊರೇನೋ ಕಟ್ಟಿತು. ಆದರೆ ಕಟ್ಟಿದ ಚಂದವನ್ನು ಏನು ಹೇಳುವುದು! ಕೆಲವರಿಗೆ ಅದು ಗದ್ದಕ್ಕೆ ತೊಟ್ಟಿಲು. ಹೆಂಗಸರು ಮೂಗಿಗೆ ಹಿಡಿದ ಸೆರಗು, ಮಾತಿಗೆ ರುಚಿ ಹತ್ತಿದ ಕೂಡಲೇ ಜಾರುತ್ತಿತ್ತು. ಸೀನು ಬಂದರೆ ಬಟ್ಟೆ ಹೊಲಸಾದೀತೆಂದು ಅದನ್ನು ಸರಿಸಿ ಸೀನುವ ಜಾಣರಿಗೂ ಬರವಿರಲಿಲ್ಲ. ತಿಮ್ಮಣ್ಣನಂತೂ ತಂಬಾಕು ಉಗುಳಲು ಗಳಿಗೆಗೊಮ್ಮೆ ಬಿಚ್ಚಿ, ಯಾವ ಮಗ್ಗುಲು ಕೈಗೆ ಬಂತೋ ಅದನ್ನೇ ಬಾಯಿಗೆ ಒತ್ತಿಕೊಳ್ಳುತ್ತಿದ್ದ.

ಸಾಕಾಗಿ ಹೋದ ಪಂಢರೀನಾಥರು ಪಿಂಜಾರನ ಬಾಗಿಲಿಗೆ ಬಂದರು. “ಖಾಸಿಂಸಾಬ್ರ, ಈ ಊರಾಗ ಇದನ್ನ ಕಟ್ಟಾಕ ಬರೂದು ನಿಮಗೊಬ್ಬರಿಗೇ. ದವಾಖಾನಿಗೆ ಬಂದು ಮಂದಿಗೆ ಕಲಿಸ್ರಿ.”

ಮರುದಿನದಿಂದ ದವಾಖಾನೆಯ ಕಟ್ಟೆಯ ಮೇಲೆ ಖಾಸಿಂಸಾಬ ಕೂತ. ಮೂಗಿನ ಎಲುಬಿನ ಮೇಲಿಂದ ಹೇಗೆ ತರಬೇಕು, ಮಾತಾಡಿದರೂ ಜಾರದಂತೆ ಗಂಟು ಎಲ್ಲಿ ಬೀಳಬೇಕು, ಎಲ್ಲ ತೋರಿಸಿದ. ಪಕ್ಕದಲ್ಲಿ ಲಾಲಬಿ ಬಂದ ಬಟ್ಟೆಗೆಲ್ಲ ಕೆಂಪು ದಾರ ಹಾಕಿ ಕೊಡುತ್ತಿದ್ದಳು. “ಕೆಂಪು ಊರಿಗೆ, ಬರೇ ಮಗ್ಗಲಾ ನಿಮಗ,” ಎನ್ನುತ್ತಿದ್ದಳು. ಹದಿನೈದು ದಿನದಲ್ಲಿ ಪೇಟೆಯ ಮುಖಗಳ ಮೇಲೆಲ್ಲ ಕೆಂಪು ಹೊಲಿಗೆ. ತಿಮ್ಮಣ್ಣ ಕೂಡ ತೆಪ್ಪಗೆ ಬಂದು ಕಟ್ಟಿಸಿಕೊಂಡು ಹೋದ, ಮೂಗಿನ ಮಾತು ಎತ್ತಲಿಲ್ಲ.

ಒಂದು ಮಧ್ಯಾಹ್ನ ಮಲೀಕಸಾಬ ಬಂದ. ತಾನೂ ಮುಖಕ್ಕೆ ಬಟ್ಟೆ ಕಟ್ಟಿದ್ದ. ಬಸ್ಸಿಳಿದ ಕಡೆ ಅದಕ್ಕೆ ಗುರುತಿಲ್ಲದ್ದನ್ನು ಕಂಡವರು ಅವನನ್ನು ದವಾಖಾನೆಗೆ ಕರೆದೊಯ್ದು ಪಂಢರೀನಾಥರ ಕೈಯಲ್ಲಿ ಕೆಂಪು ದಾರ ಹಾಕಿಸಿ ಕಳಿಸಿದ್ದರು. ಕಟ್ಟೆಯ ಸರದಿ ಮುಗಿಸಿ ಮನೆಗೆ ಬಂದಿದ್ದ ಅಪ್ಪ ಮಗಳಿಗೆ ಇದು ಗೊತ್ತಿರಲಿಲ್ಲ. ಮದುವೆಯ ಮಾತು ಮುರಿಯಲು ಬಂದನೋ, ಕೂಡಿಸಲು ಬಂದನೋ, ಖಾಸಿಂಸಾಬನಿಗೆ ತಿಳಿಯಲಿಲ್ಲ. ಬಂದವನು ಬಟ್ಟೆ ಬಿಚ್ಚಿ ಚಹಾ ಕುಡಿದ. ಮತ್ತೆ ಕಟ್ಟಿಕೊಂಡ. ಕೆಂಪು ದಾರ ಒಳಗಾಯಿತು.

ನೋಡಲು ಬಂದವರ ಮುಂದೆ ಹುಡುಗಿ ತಾನಾಗಿ ಬಾಯಿ ತೆರೆಯುವ ರೂಢಿ ಇರಲಿಲ್ಲ. ಲಾಲಬಿ ತೆರೆದಳು.

“ಕಾಕಾರ, ಮಗ್ಗಲಾ ತಪ್ಪೇತ್ರಿ. ತಿರುವಿ ಕಟ್ಕೋರಿ.”

ಕೂಡುವ ಸಂಬಂಧವೂ ಈಗ ಕೈಬಿಟ್ಟಿತು ಎಂದು ಖಾಸಿಂಸಾಬ ಅಂದುಕೊಂಡ. ಮಲೀಕಸಾಬ ಬಟ್ಟೆ ಬಿಚ್ಚಿದ, ಹಿಂದೆ ಮುಂದೆ ಮಾಡಿ ನೋಡಿದ, ತಿರುವಿ ಕಟ್ಟಿಕೊಂಡ.

“ಈ ಗುರುತು ಯಾರು ಹುಡುಕಿದ್ದವಾ?”

“ನಮ್ಮಪ್ಪ.”

ಮಲೀಕಸಾಬ ಖಾಸಿಂಸಾಬನ ಕಡೆ ತಿರುಗಿದ. “ನನ್ನ ಬಾಯಿ ಹಗುರಾತು ಖಾಸಿಂಸಾಬ್ರ, ಮನಸ್ಸಿಗೆ ಹಚ್ಕೋಬ್ಯಾಡ್ರಿ. ನಮ್ಮ ಮನ್ಯಾಗ ಏಳು ಮಂದಿ ಅದೀವಿ. ಇಂಥವು ಎಂಟು ಕೊಡ್ರಿ.”

ಎಂಟನೆಯದು ಯಾರಿಗೆಂದು ಖಾಸಿಂಸಾಬನಿಗೆ ಹೊಳೆಯುವಷ್ಟರಲ್ಲಿ ಲಾಲಬಿ ಏಳನ್ನು ಎಣಿಸಿ ಮಡಚಿ ಮುಂದಿಟ್ಟಿದ್ದಳು.

“ಏಳು ಸಾಕ್ರಿ ಮಾವಾ. ನಂದು ನಮ್ಮಪ್ಪ ಹೊಲದು ಕೊಟ್ಟಾನ.”

ಖಾಸಿಂಸಾಬ ತಲೆಯ ಹಿಂದಿನ ಗಂಟು ಬಿಚ್ಚಿ, ಮೂವತ್ತು ವರ್ಷಗಳ ಮೇಲೆ ಊರೆಲ್ಲ ನೋಡಲಿ ಎಂಬಂತೆ ಬರಿಮುಖದಲ್ಲಿ ನಕ್ಕ.