ಲಡ್ಡು ತಿಂದು ಮಲಗಿದ ವಾಚಮನ್

ಆಗೆಲ್ಲ ಒಂದು ಸಿನಿಮಾ ನೋಡಲು ಮೂರು ತಾಸು ಸಾಕಾಗುತ್ತಿತ್ತು. ಅದರ ಬಗ್ಗೆ ವಾದ ಮಾಡಿ ಮುಗಿಸಲು ಮಾತ್ರ ಎಂಟು ದಿನ ಬೇಕಾಗುತ್ತಿತ್ತು. ಟಿವಿ ಇದ್ದವರ ಮನೆ ಓಣಿಗೆಲ್ಲ ಸೇರಿದ್ದು. ಇನ್ನು ಸಿಡಿ ಪ್ಲೇಯರ್ ಇದ್ದವರ ಮನೆಯ ಮಾತು ಕೇಳುವುದೇ ಬೇಡ. ಬಾಗಿಲಲ್ಲಿ ಬಿದ್ದ ಚಪ್ಪಲಿ ರಾಶಿಯಲ್ಲಿ ತಮ್ಮದನ್ನು ಹುಡುಕಿ ಸೋತು ಬರಿಗಾಲಲ್ಲಿ ಹೋದವರೂ ಇದ್ದರು.

ನಾನು ಆರನೆಯ ಇಯತ್ತೆ ಮುಗಿಸಿದ ಬೇಸಿಗೆ ಅದು. ನಮ್ಮದು ಬೆಳಗಾವಿಯ ವಡಗಾವಿ. ಮನೆಯ ಮುಂದಿನ ಕೋಣೆಯಲ್ಲಿ ಅಪ್ಪನ ಮಗ್ಗಗಳು ದಿನವಿಡೀ ಖಟಪಟ ಅನ್ನುತ್ತಿದ್ದವು. ಸೂಟಿ ಬಿದ್ದ ಕೂಡಲೇ ಅವ್ವ ನನ್ನನ್ನು ಕರೆದುಕೊಂಡು ಖಾನಾಪುರದ ಅಜ್ಜಿಯ ಮನೆಗೆ ಹೊರಡುತ್ತಿದ್ದಳು. ಅಲ್ಲಿ ಮೊದಲ ಎರಡು ದಿನ ಮಗ್ಗದ ಸದ್ದಿಲ್ಲದೆ ನನಗೆ ನಿದ್ದೆಯೇ ಬರುತ್ತಿರಲಿಲ್ಲ. ಮೂರನೆಯ ದಿನದ ಹೊತ್ತಿಗೆ ಹಲಸಿನ ಹಣ್ಣಿನ ವಾಸನೆ ಮೂಗಿಗೆ ಹತ್ತಿ, ಓಣಿಯ ಹುಡುಗಿಯರೊಡನೆ ಕುಂಟಾಟ ಶುರುವಾಗಿ, ವಡಗಾವಿಯೇ ಮರೆತುಹೋಗುತ್ತಿತ್ತು.

ಅವ್ವನ ತಮ್ಮ ಪರಸು ಮಾಮಾ ಅಜ್ಜಿಯ ಜೊತೆಗಿದ್ದ. ಊರಾಚೆಯ ಹಂಚಿನ ಭಟ್ಟಿಯಲ್ಲಿ ಕೆಲಸ ಮಾಡುತ್ತಿದ್ದ. ಸಂಜೆ ಬರುವಾಗ ನನಗೆಂದು ಒಂದು ಮುದ್ದೆ ಹಸಿಮಣ್ಣು ತರುತ್ತಿದ್ದ, ಇಬ್ಬರೂ ಕೂತು ಎತ್ತು ಮಾಡುತ್ತಿದ್ದೆವು. ನನ್ನೊಡನೆ ಅಷ್ಟು ಹರಟುತ್ತಿದ್ದವನು ಅವ್ವನೊಡನೆ ಮಾತ್ರ "ಬಂದಿ?" ಅಂದರೆ ಮುಗಿಯಿತು. ಅವ್ವನೂ "ಹೂಂ" ಅನ್ನುತ್ತಿದ್ದಳು. ದೊಡ್ಡವರಾದ ಮೇಲೆ ಅಕ್ಕ ತಮ್ಮ ಹೀಗೇ ಆಗುತ್ತಾರೇನೋ ಅಂದುಕೊಂಡಿದ್ದೆ.

ಆ ವರ್ಷ ಬಾಜು ಮನೆಯ ಜೈನಬ್ ಚಾಚಿ ಸಿಡಿ ಪ್ಲೇಯರ್ ಕೊಂಡಿದ್ದರು. ಒಂದು ರವಿವಾರ ಮಧ್ಯಾಹ್ನ ಬೆಳಗಾವಿಯಿಂದ ಬಾಡಿಗೆಗೆ ತಂದ ಹಿಂದಿ ಸಿನಿಮಾ ಹಾಕಿದರು. ಹೆಸರು ನನಗೀಗ ನೆನಪಿಲ್ಲ, ಕಥೆ ಮಾತ್ರ ಅಚ್ಚೊತ್ತಿದೆ. ಮೂವರು ಕಳ್ಳರು ಅಡುಗೆಯವರ ವೇಷದಲ್ಲಿ ಸಾಹುಕಾರನೊಬ್ಬನ ಮನೆಯ ಮದುವೆಗೆ ನುಗ್ಗಿ ಪಚ್ಚೆಯ ಹಾರ ಕದಿಯುತ್ತಾರೆ. ತಿಜೋರಿ ಕಾಯಲು ದೊಡ್ಡ ಮೀಸೆಯ ವಾಚಮನ್ ಕೂತಿರುತ್ತಾನೆ. ಅವನಿಗೆ ಭಂಗಿ ಹಾಕಿದ ಲಡ್ಡು ತಿನ್ನಿಸುತ್ತಾರೆ. ಅವನು ತಿಜೋರಿಯನ್ನೇ ತಬ್ಬಿಕೊಂಡು ಗೊರಕೆ ಹೊಡೆಯುತ್ತಾನೆ. ಕಳ್ಳರು ಅವನನ್ನು ಕುರ್ಚಿ ಸಮೇತ ಎತ್ತಿ ಪಕ್ಕಕ್ಕಿಡುವಾಗ ಮೀಸೆ ಮೇಲೆ ಕೆಳಗೆ ಕುಣಿಯುತ್ತದೆ. ನಾವು ನಕ್ಕು ನಕ್ಕು ಒಬ್ಬರ ಮೇಲೊಬ್ಬರು ಬಿದ್ದೆವು.

ಸಿನಿಮಾ ಮುಗಿದು ಚಹಾ ಬರುವಷ್ಟರಲ್ಲಿ ವಾದ ಶುರುವಾಯಿತು.

"ಚೋರಿ ಮಾಡಿದ್ರೂ ಏನ್ ಸಫಾಯಿ ನೋಡ್ರಿ!" ಅಂದರು ಚಾಚಿ. "ಒಂದು ಹನಿ ರಕ್ತ ಬಿತ್ತೇನು? ಯಾರಿಗೂ ಏನೂ ತಕಲೀಫ್ ಇಲ್ಲ."

ಎದುರು ಮನೆಯ ನಿವೃತ್ತ ಮಾಸ್ತರರು ಮರಾಠಿಯಲ್ಲೇ ಗೊಣಗಿದರು, "ಚೋರ ತೋ ಚೋರಚ." ಕಳ್ಳ ಅಂದರೆ ಕಳ್ಳನೇ, ಮಕ್ಕಳಿಗೆ ಇಂಥದ್ದು ತೋರಿಸಬಾರದು ಎಂದು ಅವರ ಅಭಿಪ್ರಾಯ. ಆದರೆ ಎಲ್ಲರಿಗಿಂತ ಹೆಚ್ಚು ನಕ್ಕು ಕನ್ನಡಕ ಒರೆಸಿಕೊಂಡವರೂ ಅವರೇ.

ಅಜ್ಜಿಗೆ ಹಿಂದಿಯ ಗಂಧವೇ ಇರಲಿಲ್ಲ. ಆದರೂ ಅವಳಿಗೆ ಕಥೆ ಪೂರ್ತಿ ತಿಳಿದಿತ್ತು. "ಹಾರ ಆ ಹುಡುಗೂರದ ಇತ್ತವಾ. ಆ ಸಾವಕಾರ ಅವರಪ್ಪನ ಕಡಿಂದ ಕಸಗೊಂಡಿದ್ದ. ತಮ್ಮ ಬದುಕು ತಾವು ಒಯ್ದ್ರು."

ಹಾಗೆಂದು ಸಿನಿಮಾದಲ್ಲಿ ಯಾರೂ ಹೇಳಿರಲಿಲ್ಲ. ಅಜ್ಜಿ ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

ನನ್ನ ತಲೆಯಲ್ಲಿ ಬೇರೆಯೇ ಪ್ರಶ್ನೆ ಕೊರೆಯುತ್ತಿತ್ತು. "ಆ ವಾಚಮನ್‌ಗ ಮುಂದ ಏನಾತು? ತೋರಿಸಲೇ ಇಲ್ಲಲಾ?"

ಅವ್ವ ಚಹಾದ ಬಶಿ ಕೆಳಗಿಟ್ಟು ನಕ್ಕಳು. "ಏನಾಗತೈತಿ? ಅವನೂ ಕಳ್ಳರ ಪೈಕಿನ ಇದ್ದಿರಬೇಕು. ಇಲ್ಲಾಂದ್ರ ಗುರ್ತಾ ಇಲ್ಲದವ್ರು ಕೊಟ್ಟ ಲಡ್ಡು ಯಾರ ತಿಂತಾರ?"

ಎಲ್ಲರೂ ನಕ್ಕರು. ಆಗಲೇ ನಾನು ಬಾಗಿಲ ಕಡೆ ನೋಡಿದ್ದು. ಪರಸು ಮಾಮಾ ಯಾವಾಗಲೋ ಬಂದು ಚೌಕಟ್ಟಿಗೆ ಒರಗಿ ನಿಂತಿದ್ದ. ಅವನು ಚಪ್ಪಲಿ ಮೆಟ್ಟಿಕೊಂಡು ಭಟ್ಟಿಯ ದಾರಿ ಹಿಡಿದ. ಅವ್ವನ ಮುಖ ಒಮ್ಮೆಲೇ ಬಾಡಿತು.

"ಬಾಯಿಗೆ ಬಂದದ್ದು ಆಡಿಬಿಟ್ಟಿ ನೋಡು" ಅಂದಳು ಅಜ್ಜಿ, ಮೆಲ್ಲಗೆ.

ಮಾಮಾ ಆ ದಿನ ಊಟಕ್ಕೂ ಬರಲಿಲ್ಲ. ಮರುದಿನ ಬೆಳಿಗ್ಗೆ ಅಜ್ಜಿ ಡಬ್ಬಿಯಲ್ಲಿ ರೊಟ್ಟಿ, ಕಾಳುಪಲ್ಯ ಕಟ್ಟಿ ನನ್ನ ಕೈಗೆ ಕೊಟ್ಟಳು. ಏನಾಯಿತೆಂದು ಕೇಳಿದರೆ ಯಾರೂ ಹೇಳಿರಲಿಲ್ಲ. ದಾರಿಯುದ್ದಕ್ಕೂ ಅದನ್ನೇ ಯೋಚಿಸುತ್ತ ನಡೆದೆ.

ಭಟ್ಟಿಯ ಅಂಗಳದಲ್ಲಿ ಹಸಿ ಹಂಚುಗಳು ಸಾಲು ಸಾಲಾಗಿ ಒಣಗುತ್ತಿದ್ದವು. ಮಾಮಾ ನೆರಳಿಗೆ ಕೂತು ರೊಟ್ಟಿ ಮುರಿದ. ನಾನು ತಡೆಯಲಾರದೆ ಕೇಳಿಯೇ ಬಿಟ್ಟೆ. "ಮಾಮಾ, ನಿನಗ ಆ ಸಿನಿಮಾ ಸೇರಲಿಲ್ಲೇನು?"

"ಸೇರತು. ಅದಕ್ಕ ತ್ರಾಸ ಆತು" ಅಂದ.

ಆಮೇಲೆ ತಾನಾಗಿಯೇ ಹೇಳತೊಡಗಿದ. ನಾನು ಎರಡನೆಯ ಇಯತ್ತೆಯಲ್ಲಿದ್ದಾಗ ಅವನು ಕಟ್ಟಿಗೆ ಅಡ್ಡೆಯೊಂದರಲ್ಲಿ ಹಗಲಿನ ವಾಚಮನ್ ಆಗಿದ್ದನಂತೆ. ಅದು ನನಗೆ ಗೊತ್ತೇ ಇರಲಿಲ್ಲ.

"ಸಂತಿ ದಿವಸ, ಮಟಮಟ ಮಧ್ಯಾಹ್ನ. ಒಂದು ಲಾರಿ ಬಂತು. ಮೂರು ಮಂದಿ ಇಳದ್ರು. 'ಪರಸೂ, ಮಾಲಕ್ರು ಸಾಗವಾನಿ ಹಲಗಿ ತರಾಕ ಕಳಸ್ಯಾರ' ಅಂತ ಚೀಟಿ ಕೊಟ್ರು. ಶಿಕ್ಕಾ ಇತ್ತು, ಸಹಿ ಇತ್ತು. ನಾನ ಹಲಗಿ ಎತ್ತಿ ಲಾರಿಗೆ ಹಾಕಿದೆ."

"ನೀನ?"

"ನಾನ. ಮ್ಯಾಲ ಬುದ್ಧಿ ಬ್ಯಾರೆ ಹೇಳಿದೆ. ಹಗ್ಗಾ ಬಿಗಿ ಕಟ್ರಿ, ಘಾಟದಾಗ ಬಿದ್ದಗಿದ್ದಾವು ಅಂತ."

ನನಗೆ ನಗು ಉಕ್ಕಿ ಬಂತು. ಬಾಯಿ ಮುಚ್ಚಿಕೊಂಡೆ. ಮಾಮಾನ ತುಟಿಯೂ ಸ್ವಲ್ಪ ಅರಳಿತು.

"ಅವ್ರು ಭಾಳ ನಗಸಿದ್ರವಾ. ಅವರಾಗ ಒಬ್ಬಾಂವ ಧೋತ್ರ ಎತ್ತಿ ಹಿಡದು, ಥೇಟ್ ನಮ್ಮ ಮಾಲಕ್ರ ಗತೆ ನಡದು ತೋರಿಸಿದ. ನಾ ಹೊಟ್ಟಿ ಹಿಡಕೊಂಡು ನಕ್ಕೆ. ಎದುರಿನ ಚಾದಂಗಡ್ಯಾಂವ ನೋಡಿದ್ದ. ಕಳ್ಳತನ ಅಂತ ಗೊತ್ತಾದ ಮ್ಯಾಲ, 'ಇಂವಾ ಅವರ ಜೋಡಿ ನಕ್ಕೋತ ನಿಂತಿದ್ದ' ಅಂತ ಎಲ್ಲಾರ ಮುಂದ ಹೇಳಿದ."

ಮಾಲಕರು ಕೆಲಸ ಬಿಡಿಸಿದರು. ಆರು ತಿಂಗಳ ಮೇಲೆ ಆ ಮೂವರೂ ಗೋವೆಯ ಕಡೆ ಸಿಕ್ಕಿಬಿದ್ದು, ವಾಚಮನ್‌ನಿಗೆ ಏನೂ ಗೊತ್ತಿರಲಿಲ್ಲ ಎಂದು ಒಪ್ಪಿಕೊಂಡರು. ಆದರೆ ಕಳವಿನ ಸುದ್ದಿ ಓಡಿದ ವೇಗದಲ್ಲಿ ಈ ಸುದ್ದಿ ಓಡಲಿಲ್ಲ.

"ಊರ ಮಂದಿ ಏನರೆ ಅನ್ನಲಿ" ಅಂದ ಮಾಮಾ. "ನಿಮ್ಮವ್ವ ವಡಗಾವಿಂದ ಬಂದ್ಲು. ಒಳಗ ಕಾಲಿಡೂಕಿಂತ ಮೊದಲ, ಬಾಗಲಾಗ ನಿಂತು ಕೇಳಿದ್ಲು. 'ಖರೇ ಹೇಳು ಪರಸು, ನಿನಗ ಗೊತ್ತಿತ್ತೇನು?' ಅಂತ. ನಾ ನಕ್ಕಿದ್ದು ನಿಜ ಅಂತ ಹೆಂಗ ಹೇಳಲಿ ಅಕಿಗೆ? ಸುಮ್ನಾದೆ."

ಡಬ್ಬಿ ಮುಚ್ಚಿ ಕೊಡುತ್ತಾ, "ಯಾರ ಮುಂದೂ ಹೇಳಬ್ಯಾಡ" ಅಂದ. ನಾನು ಮಾತು ಕೊಟ್ಟೆ. ಮಧ್ಯಾಹ್ನದವರೆಗೆ ತಡೆದೆ.

ಅವ್ವ ಹಿತ್ತಲಲ್ಲಿ ಕೈಗೆ ಎಣ್ಣೆ ಸವರಿಕೊಂಡು ಹಲಸಿನ ಹಣ್ಣು ಬಿಡಿಸುತ್ತಿದ್ದಳು. ಹಗ್ಗ ಬಿಗಿ ಕಟ್ಟಿರೆಂದು ಹೇಳಿದ್ದು, ಧೋತರದ ನಡಿಗೆ, ನಗು, ಬಾಗಿಲ ಪ್ರಶ್ನೆ, ಎಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟೆ. ಅವ್ವ ಈಳಿಗೆ ಮಣೆಯಿಂದ ಎದ್ದವಳು ಕೈಯನ್ನೂ ತೊಳೆಯಲಿಲ್ಲ. ಸೆರಗು ಸಿಕ್ಕಿಸಿಕೊಂಡು ಬಿಸಿಲಲ್ಲಿ ಭಟ್ಟಿಯತ್ತ ನಡೆದೇಬಿಟ್ಟಳು. ನಾನು ಹಿಂದೆ ಓಡಿದೆ.

ಮಾಮಾ ಹಂಚು ತಿರುವಿ ಹಾಕುತ್ತಿದ್ದ. ನಮ್ಮನ್ನು ನೋಡಿ ನನ್ನ ಕಡೆ ಒಮ್ಮೆ ಕಣ್ಣು ಬಿಟ್ಟ.

"ನಾ ನಿನ್ನೆ ಸಿನಿಮಾದಾಂವಗ ಅಂದೆ" ಅಂದಳು ಅವ್ವ.

"ಗೊತ್ತೈತಿ."

"ಅವತ್ತ ಮಾತ್ರ ನಿನಗ ಕೇಳಿದ್ದೆ."

"ಅದೂ ಗೊತ್ತೈತಿ."

"ಅನುಮಾನ ಬಂದಿತ್ತು ಪರಸು. ಈಗ್ಯಾಕ ಸುಳ್ಳ ಹೇಳಲಿ? ಅವ್ರು ಸಿಕ್ಕಿಬಿದ್ರು ಅಂತ ಕೇಳಿದ ಮ್ಯಾಲ ನಿನ್ನ ಮಾರಿ ನೋಡಾಕ ನಾಚಿಕಿ ಬಂತು. ಇವತ್ತು ಹೇಳೂಣು, ನಾಳೆ ಹೇಳೂಣು ಅಂತ ನಾಕು ವರ್ಷ ಹೋದುವು."

ಮಾಮಾ ಇನ್ನೂ ಮೂರು ಹಂಚು ತಿರುವಿದ. ಅವ್ವ ಹಾಗೇ ನಿಂತಿದ್ದಳು. ಆಮೇಲೆ ಅವನ ಕಣ್ಣು ಅವಳ ಕೈಮೇಲೆ ಬಿತ್ತು.

"ಏನದು ಕೈಯಾಗ?"

"ಹಲಸಿನ ಅಂಟು."

"ಹಂಗ ಬಂದೀ? ಮಣ್ಣು ಹತ್ತಿತಂದ್ರ ನಾಕ ದಿನ ಹೋಗೂದಿಲ್ಲ ಅದು" ಎಂದು ಬೈಯುತ್ತ ಒಳಗೆ ಹೋದ. ಚಿಮಣಿ ಎಣ್ಣೆಯಲ್ಲಿ ಅದ್ದಿದ ಅರಿವೆ ತಂದು ಅಕ್ಕನ ಬೆರಳುಗಳನ್ನು ಒಂದೊಂದಾಗಿ ಒರೆಸಿದ. ಅವ್ವ ಅಳುತ್ತಿದ್ದಳು. ಅವನು ನೋಡದವನಂತೆ ಉಗುರಿನ ಸಂದಿಯ ಅಂಟು ತೆಗೆಯುತ್ತಿದ್ದ.

ಮುಂದಿನ ರವಿವಾರ ಅದೇ ಸಿನಿಮಾವನ್ನು ಮತ್ತೆ ಹಾಕಿರೆಂದು ಚಾಚಿಯನ್ನು ಕೇಳಿದವನು ಮಾಮಾನೇ. ಎಲ್ಲರಿಗಿಂತ ಮುಂದೆ ಕೂತ. ಲಡ್ಡುವಿನ ದೃಶ್ಯ ಬಂದಾಗ ಎದ್ದು ನಿಂತು ತನ್ನ ಲಾರಿಯ ಕಥೆ ಹೇಳಿದ. ಆ ಕಳ್ಳ ಮಾಲಕರ ಹಾಗೆ ಹೇಗೆ ನಡೆದನೆಂದು ಲುಂಗಿ ಎತ್ತಿ ಹಿಡಿದು ನಡೆದೂ ತೋರಿಸಿದ. ಟಿವಿ ತನ್ನಷ್ಟಕ್ಕೆ ಓಡುತ್ತಿತ್ತು. ನಾವೆಲ್ಲ ಅವನನ್ನೇ ನೋಡಿ ನಗುತ್ತಿದ್ದೆವು. ಅವನೂ ನಗುತ್ತಿದ್ದ.

ನಗು ನಿಂತ ಮೇಲೆ ಚಾಚಿ ಹೇಳಿದರು, "ಯಾರಿಗೂ ತಕಲೀಫ್ ಇಲ್ಲ ಅಂದಿದ್ದೆ ನಾ. ಆ ಮಾತು ವಾಪಸ್ ತಗೋತೀನಿ, ಭಯ್ಯಾ." ಮಾಸ್ತರರು ಗಂಟಲು ಸರಿಪಡಿಸಿಕೊಂಡು, "ಹಸಣಾರಾ ಚೋರ ನವ್ಹೇ" ಎಂದು ತೀರ್ಪು ಕೊಟ್ಟರು. ನಕ್ಕವನು ಕಳ್ಳನಲ್ಲ ಎಂದು. ಅಜ್ಜಿ ಮಾತ್ರ ಹಾರ ಆ ಹುಡುಗರದ್ದೇ ಎಂಬ ಮಾತನ್ನು ಕೊನೆಯವರೆಗೂ ಬಿಡಲಿಲ್ಲ.

ಈಗ ಅಜ್ಜಿಯಿಲ್ಲ, ಮಾಸ್ತರರಿಲ್ಲ. ಚಾಚಿ ಮಗಳ ಊರಿಗೆ ಹೋಗಿ ಎಷ್ಟೋ ಕಾಲವಾಯಿತು. ಮಾಮಾ ಹೆಂಡತಿ ಮಕ್ಕಳೊಡನೆ ಖಾನಾಪುರದಲ್ಲೇ ಇದ್ದಾನೆ, ಕಿವಿ ಮಂದವಾಗಿದೆ. ನಾನು ಬೆಳಗಾವಿಯ ಸಾಂಬ್ರಾ ಕಡೆಯ ಹೊಸ ಬಡಾವಣೆಯಲ್ಲಿದ್ದೇನೆ. ನಮ್ಮ ಮನೆಯಲ್ಲಿ ಮೂವರು ಮೂರು ಫೋನಿನಲ್ಲಿ ಮೂರು ಸಿನಿಮಾ ನೋಡುತ್ತೇವೆ. ನೋಡುವ ಮೊದಲೇ ಯಾರೋ ಗುರುತಿಲ್ಲದವರು ಎಷ್ಟು ನಕ್ಷತ್ರ ಕೊಟ್ಟಿದ್ದಾರೆಂದು ತಿಳಿದುಕೊಂಡಿರುತ್ತೇವೆ. ಮೊನ್ನೆ ಮಗಳು ನಗುತ್ತಾ ಒಂದು ಕಳ್ಳತನದ ಸಿನಿಮಾ ಮುಗಿಸಿದಳು. ಹೇಗಿತ್ತು ಅಂದೆ. "ಚೊಲೋ ಇತ್ತು" ಅಂದಳು, ಮುಂದಿನದಕ್ಕೆ ಬೆರಳು ಸರಿಸಿದಳು. ನನಗೆ ಇನ್ನೂ ಏನೇನೋ ಕೇಳುವುದಿತ್ತು.

ಅವ್ವ ಹೋಗಿ ಮೂರು ವರ್ಷವಾಯಿತು. ಅವಳಿದ್ದಿದ್ದರೆ ಪಕ್ಕದಲ್ಲಿ ಕೂತು ಏನಾದರೊಂದು ಅಂದೇ ಅನ್ನುತ್ತಿದ್ದಳು. ತಪ್ಪು ಮಾತೇ ಆಡುತ್ತಿದ್ದಳೇನೋ. ಆದರೆ ಆಡುತ್ತಿದ್ದಳು.