ಹೆಲಿಕಾಪ್ಟರ್ ತರಿಸದ ಭಾವ

ನಮ್ಮ ಭಾವನ ಎರಡೂ ಕಿವಿಗಳ ಸುತ್ತ ಹೆಡ್‌ಫೋನ್ ಒತ್ತಿ ಒತ್ತಿ ಕಪ್ಪು ಕಲೆ ಬಿದ್ದಿದೆ. ಬೆಂಗಳೂರಿನಲ್ಲಿ ಏರ್ ಆಂಬುಲೆನ್ಸಿನ ಪ್ಯಾರಾಮೆಡಿಕ್. ಡಾಕ್ಟರ ಜೊತೆ ಕೂತು, ರೋಗಿಯ ಉಸಿರು ಕಾಯುತ್ತಾ ಹಾರುವ ಕೆಲಸ. ರಜೆಗೆ ನಮ್ಮ ಕಟ್ಟೆಮಳಲವಾಡಿಗೆ ಬಂದಾಗಲೂ ಇಂಜಿನ್ ಸದ್ದಿನ ನಡುವೆ ಇದ್ದಂತೆಯೇ ಮಾತು. ಉಪ್ಪು ಕೇಳಿದರೆ ಬೀದಿಗೆಲ್ಲ ಕೇಳಿಸುತ್ತದೆ. ಸಾಲದ್ದಕ್ಕೆ ಒಂದೇ ವಿಷಯವನ್ನು ಮೂರು ಸಲ ಕೇಳುವ ಚಾಳಿ. ಅವ್ವ ಮಾತ್ರೆ ನುಂಗಿದೆ ಎಂದರೆ, "ಯಾವ್ದತ್ತೆ? ಎಷ್ಟೊತ್ಗೆ? ತೋರ್ಸಿ" ಎನ್ನುತ್ತಾರೆ. ನಾನು ರೇಗಿದರೆ, "ಮೇಲೋದ್ಮೇಲೆ ಮರ್ತೆ ಅಂದ್ರೆ ಅಲ್ಲಿ ಯಾವ್ ಅಂಗ್ಡಿ ಐತವ್ವ" ಎಂಬ ಸಮಜಾಯಿಷಿ.

ಎರಡು ವರ್ಷದ ಹಿಂದೆ ಅಪ್ಪ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನೊಳಗೆ ಮೇಲಿನಿಂದ ಬಿದ್ದರು. ಪಕ್ಕೆಲುಬು ಮುರಿದು, ಉಸಿರು ಸಿಗದೆ ತುಟಿ ನೀಲಿಯಾಗಿತ್ತು. ಹುಣಸೂರಿನ ಆಸ್ಪತ್ರೆಗೆ ಒಯ್ದೆವು. ರಜೆಯಲ್ಲಿದ್ದ ಭಾವನೂ ಜೊತೆಗೆ ಬಂದರು. ಚಿಕ್ಕಪ್ಪ, "ಅಳಿಯಂದ್ರೆ, ನಿಮ್ ಹೆಲಿಕಾಪ್ಟ್ರು ಕರ್ಸಿ. ಬೆಂಗ್ಳೂರ್ಗೇ ಎತ್ಕಂಡೋಗವ" ಎಂದರು.

"ಬ್ಯಾಡ ಮಾವ. ಎದೆ ಒಳಗೆ ಗಾಳಿ ಸೇರ್ಕಂಡು ಶ್ವಾಸಕೋಶನ ಅಮುಕ್ತದೆ. ಮೇಲೋದಷ್ಟೂ ಆ ಗಾಳಿ ಉಬ್ತದೆ. ಮೊದ್ಲು ಡಾಕ್ಟ್ರು ಇಲ್ಲೇ ಟ್ಯೂಬ್ ಹಾಕಿ ಆ ಗಾಳಿ ತೆಗೀಲಿ. ಆಮೇಲೆ ರೋಡಲ್ಲೇ ಮೈಸೂರು."

ನನ್ನ ತಾಳ್ಮೆ ಕೆಟ್ಟಿತು. "ಊರೋರ್ನೆಲ್ಲ ಹಾರುಸ್ತೀರ, ನಮ್ಮಪ್ಪ ಮಾತ್ರ ಬ್ಯಾಡ ನಿಮ್ಗೆ" ಎಂದುಬಿಟ್ಟೆ. ಡಾಕ್ಟರು ಟ್ಯೂಬ್ ಇಳಿಸುವಾಗ ಭಾವ ಅಪ್ಪನ ತೋಳು ಹಿಡಿದು ನಿಂತರು. ಟ್ಯೂಬಿನ ತುದಿಗಿದ್ದ ಬಾಟಲಿಯ ನೀರಿನಲ್ಲಿ ಗಾಳಿ ಗುಳುಗುಳು ಎಂದು ಹೊರಬಂತು. ನೋಡನೋಡುತ್ತಲೇ ಅಪ್ಪನ ತುಟಿಗೆ ಬಣ್ಣ ಮರಳಿತು. ಹೊರಡುವ ಮುಂಚೆ ಆಕ್ಸಿಜನ್, ಬಾಟಲಿ, ಸ್ಟ್ರೆಚರಿನ ಪಟ್ಟಿ ಎಲ್ಲವನ್ನೂ ಭಾವ ಮೂರು ಸಲ ನೋಡಿದರು. ಟ್ಯೂಬಿಲ್ಲದೆ ಹಾರಿಸಿದ್ದರೆ ದಾರಿಯಲ್ಲೇ ಹೋಗುತ್ತಿದ್ದರೆಂದು ಮೈಸೂರಿನ ಡಾಕ್ಟರು ಹೇಳಿದರು.

ಅಪ್ಪ ವಾಸಿಯಾಗಿ, ಸ್ವಂತ ಕಾಲ ಮೇಲೆಯೇ ಮನೆಯೊಳಗೆ ನಡೆದು ಬಂದರು. ನೆಂಟರ ದೂರು ಮಾತ್ರ ಇನ್ನೂ ನಿಂತಿಲ್ಲ: "ಸ್ವಂತ ಮಾವಂಗೇ ಒಂದ್ ಹೆಲಿಕಾಪ್ಟ್ರು ತರ್ಸಲಿಲ್ಲ." ಗಾಳಿ ಉಬ್ಬುವ ವಿಷಯ ವಿವರಿಸಿ ವಿವರಿಸಿ ನನ್ನ ಗಂಟಲು ಒಣಗಿದೆ. ಅಪ್ಪನೇ ಅವರ ಜೊತೆ ಸೇರಿಕೊಂಡು ಹೌದೌದೆಂದು ತಲೆಯಾಡಿಸಿದರೆ ಯಾರಿಗೆ ಹೇಳುವುದು?

ಮೊನ್ನೆ ಭಾವ ಬಂದು ಊಟಕ್ಕೆ ಕೂತಾಗ, "ಅವತ್ತು ನಾನಂಗೆ ಅನ್ಬಾರ್ದಿತ್ತು ಭಾವ" ಎಂದೆ.

"ಪೇಷೆಂಟ್ ಮನೆಯೋರು ಅಂಗೇ ಅನ್ನೋದು. ಬುಡವ್ವ" ಎಂದು ತಟ್ಟೆಯಲ್ಲೇ ಕೈ ತೊಳೆದು ಎದ್ದರು.

ಅಂದು ಅವರ ಪಾಲಿಗೆ ನಾನು ನಾದಿನಿಯಾಗಿರಲಿಲ್ಲ, ಅಪ್ಪ ಮಾವನೂ ಆಗಿರಲಿಲ್ಲ. ಅಪ್ಪ ಉಳಿದದ್ದು ಅದರಿಂದಲೇ.