ಬಿಳಿ ಕರಡಿಯ ತಲೆ

ಕರಡಿ ಮಾತಾಡಬಾರದು, ಮಕ್ಕಳ ಎದುರು ತಲೆ ತೆಗೆಯಬಾರದು. ಕ್ಲಬ್ಬಿನವರು ನನಗೆ ಹೇಳಿಕೊಟ್ಟ ನಿಯಮಗಳು ಇವೆರಡೇ. ಮಿಕ್ಕಿದ್ದನ್ನೆಲ್ಲ ನಾನೇ ಕಲಿತೆ.

ಸ್ವೀಡನ್ನಿನ ವೆಸ್ಟೆರಾಸ್ ಊರಿನ ನಮ್ಮ ಬಡಾವಣೆಗೊಂದು ಪುಟ್ಟ ಬ್ಯಾಂಡಿ ತಂಡವಿತ್ತು. ಸ್ಕೇಟ್ ಕಟ್ಟಿಕೊಂಡು, ಮಂಜುಗಡ್ಡೆಯ ಮೈದಾನದಲ್ಲಿ ಕೋಲಿನಿಂದ ಚೆಂಡು ಹೊಡೆಯುವ ಆಟ ಅದು. ತಂಡದ ಮ್ಯಾಸ್ಕಾಟ್, ಅಂದರೆ ಪಂದ್ಯದಲ್ಲಿ ಜನರನ್ನು ರಂಜಿಸುವ ಗೊಂಬೆವೇಷ, ಬಿಳಿ ಕರಡಿ. ಹದಿನೇಳನೆಯ ವಯಸ್ಸಿನಲ್ಲಿ, ಒಂದಿಡೀ ಚಳಿಗಾಲ, ಆ ಕರಡಿಯೊಳಗೆ ಇದ್ದವಳು ನಾನು. ಹೊರಗೆ ಮೂಗು ಉದುರುವ ಚಳಿ, ಒಳಗೆ ಬೆವರು. ಆದರೂ ನನಗೆ ಅದರ ಹುಚ್ಚು ಹಿಡಿದಿತ್ತು.

ಕಾರಣವಿದೆ. ನಮ್ಮ ಬಸ್ಸಿನಲ್ಲಿ ಓಡಾಡುವ ಅಜ್ಜಿಯೊಬ್ಬರು ನನ್ನ ಪಕ್ಕದ ಸೀಟು ಖಾಲಿಯಿದ್ದರೂ ನಿಂತೇ ಹೋಗುತ್ತಿದ್ದರು. ಅದು ಅಪರಿಚಿತರ ಪಕ್ಕ ಕೂರದ ಸ್ವೀಡನ್ನಿನ ಸ್ವಭಾವವೋ ನನ್ನ ಮೈಬಣ್ಣವೋ ಎಂದು ನನಗೆ ತೀರ್ಮಾನವಾಗಿರಲಿಲ್ಲ. ಅದೇ ಅಜ್ಜಿ ಮೈದಾನದಲ್ಲಿ ಕರಡಿಯನ್ನು ತಬ್ಬಿಕೊಂಡು ಅದರ ಕೆನ್ನೆ ಸವರುತ್ತಿದ್ದರು. ಕರಡಿಗೆ ಊರು, ಜಾತಿ, ಉಚ್ಚಾರಣೆ ಯಾವುದೂ ಇಲ್ಲ. ಅದಕ್ಕೇ ಅದು ಎಲ್ಲರದು.

ಮೈಸೂರಿನಲ್ಲಿ ಬೆಳೆದ ಅಮ್ಮನಿಗೆ ಇದನ್ನು ವಿವರಿಸಬೇಕಾಗಲಿಲ್ಲ. ಹೊಲಿಗೆ ಬಿಟ್ಟಿದ್ದ ಕರಡಿಯ ತಲೆಯನ್ನು ಒಮ್ಮೆ ಮನೆಗೆ ತಂದಾಗ, "ನಮ್ಮ ದಸರಾ ಮೆರವಣಿಗೆ ಗಾರುಡಿ ಗೊಂಬೆ ಥರಾನೇ ಕಣೇ. ಒಳಗಿರೋನ ಮುಖ ಯಾರಿಗೂ ಕಾಣಲ್ಲ," ಎಂದಳು. ಹೊಲಿದ ಮೇಲೆ ಕಿವಿಯ ಹಿಂದೆ ಕಾಡಿಗೆಯಿಂದ ದಪ್ಪನೆಯ ದೃಷ್ಟಿಬೊಟ್ಟು ಇಟ್ಟಳು.

"ದೃಷ್ಟಿ ತೆಗೆಯೋ ಗೊಂಬೆಗೇ ದೃಷ್ಟಿಬೊಟ್ಟಾ?" ಎಂದು ಅಪ್ಪ ನಕ್ಕರು.

ಆದರೆ ನಮ್ಮ ಕರಡಿಗೂ ಗಾರುಡಿ ಗೊಂಬೆಗೂ ಒಂದು ವ್ಯತ್ಯಾಸವಿತ್ತು. ಋತುವಿನ ಕೊನೆಯ ಪಂದ್ಯ ಮುಗಿದ ಮೇಲೆ, ಆ ಒಂದು ದಿನ ಮಾತ್ರ, ಕರಡಿ ಮೈದಾನದ ನಡುವೆ ಬಂದು ತನ್ನ ತಲೆ ತೆಗೆಯಬೇಕು, ಆಗ ಒಳಗಿದ್ದವರ ಹೆಸರನ್ನು ಮೈಕಿನಲ್ಲಿ ಕೂಗುತ್ತಾರೆ. ಅದು ಅಲ್ಲಿನ ರೂಢಿ. ಅದೊಂದು ಗಳಿಗೆಗಾಗಿ ನಾನು ಚಳಿಗಾಲವಿಡೀ ಬಾಯಿ ಮುಚ್ಚಿಕೊಂಡಿದ್ದೆ. ಆ ಅಜ್ಜಿ ನನ್ನ ಮುಖ ನೋಡಬೇಕಿತ್ತು. ತಬ್ಬಿಕೊಂಡದ್ದು ಯಾರನ್ನು ಎಂದು ಅವರಿಗೆ ಗೊತ್ತಾಗಬೇಕಿತ್ತು.

ಕೊನೆಯ ಪಂದ್ಯದ ದಿನ ಬಟ್ಟೆ ಬದಲಿಸುವ ಕೋಣೆಗೆ ಹೋದರೆ ಕರಡಿಯ ಕಾಲುಗಳನ್ನು ಬೇರೆ ಯಾರೋ ಏರಿಸಿಕೊಳ್ಳುತ್ತಿದ್ದರು. ತಂಡದ ಹಳೆಯ ಕ್ಯಾಪ್ಟನ್. ಆಟ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಊರಿಗೆಲ್ಲ ಅಚ್ಚುಮೆಚ್ಚಿನವರು. ನನ್ನನ್ನು ಈ ಕೆಲಸಕ್ಕೆ ಸೇರಿಸಿಕೊಂಡಿದ್ದ ಕ್ಲಬ್ಬಿನ ಹೆಂಗಸು ನನ್ನ ಭುಜದ ಮೇಲೆ ಕೈಯಿಟ್ಟು ಸ್ವೀಡಿಷ್‌ನಲ್ಲಿ ಮೆಲ್ಲಗೆ ಹೇಳಿದರು: "ಇವತ್ತು ಪತ್ರಿಕೆಯವರು ಬರ್ತಿದ್ದಾರೆ. ಜನಕ್ಕೆ ಗುರುತಿರೋ ಮುಖ ಇರಲಿ ಅಂತ. ನಿನ್ನ ಅಪ್ಪನ್ನ ಕೇಳಿದ್ವಲ್ಲ, ಅವರು ನಿನಗೆ ಹೇಳಲಿಲ್ವಾ?"

ನನಗಿನ್ನೂ ಹದಿನೆಂಟು ತುಂಬಿರಲಿಲ್ಲ. ಹಾಗಾಗಿ ಅಪ್ಪನನ್ನು ಕೇಳಿದ್ದರು. ಅಪ್ಪ ಒಪ್ಪಿದ್ದರು.

ಪ್ರೇಕ್ಷಕರ ಸಾಲುಗಳ ಮೆಟ್ಟಿಲು ಹತ್ತಿ ಅಪ್ಪ ಅಮ್ಮ ಇದ್ದಲ್ಲಿಗೆ ಹೋದೆ. ಅಮ್ಮ ಫೋಟೋ ತೆಗೆಯಲು ಫೋನು ಹಿಡಿದು ಸಜ್ಜಾಗಿದ್ದಳು. "ನೀನ್ಯಾಕೆ ಇಲ್ಲಿದೀಯ? ಹಾಗಾದ್ರೆ ಒಳಗಿರೋದ್ಯಾರು?" ಎಂದಳು. ಅವಳಿಗೂ ಹೇಳಿರಲಿಲ್ಲ.

ಅಪ್ಪ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ, "ನೀವಿಬ್ರೂ ಇಲ್ದಿದ್ದಾಗ ಅವ್ರು ಅಷ್ಟು ಮರ್ಯಾದೆಯಿಂದ ಮನೆ ತನಕ ಬಂದು ಕೇಳಿದ್ರು. ಆಗಲ್ಲ ಅಂತ ಹೆಂಗೆ ಹೇಳೋದು? ಪರವಾಗಿಲ್ಲ ಅಂದೆ. ನಾವು ಇಲ್ಲಿ ಬಾಳ್ಬೇಕಲ್ಲಮ್ಮ, ಸ್ವಲ್ಪ ಅಡ್ಜಸ್ಟ್ ಮಾಡ್ಕೋ," ಎಂದರು.

"ನನ್ನ ಕೇಳಿದ್ರಾ ನೀವು?"

"ಕೇಳಿದ್ರೆ ಗಲಾಟೆ ಮಾಡ್ತಿದ್ದೆ."

ಹೌದು, ಮಾಡುತ್ತಿದ್ದೆ. ಮಾಡಲೇಬೇಕಿತ್ತು. ಕ್ಲಬ್ಬಿನವರು ಕೈಕೊಟ್ಟದ್ದಕ್ಕೆ ನನಗೆ ಬಂದದ್ದು ಬರೀ ಸಿಟ್ಟು. ನಾನು ಮೋಸ ಹೋದೆ ಅನ್ನಿಸಿದ್ದು ಅಪ್ಪನ ಆ 'ಪರವಾಗಿಲ್ಲ'ದಿಂದ. ಆಫೀಸಿನಲ್ಲಿ, ಅಂಗಡಿಯಲ್ಲಿ, ನೆರೆಮನೆಯಲ್ಲಿ ದಿನವೂ ಹಂಚುತ್ತಿದ್ದ ಆ ಮಾತಿನ ಜೊತೆಗೆ ಈ ಸಲ ನನ್ನನ್ನೂ ಕೊಟ್ಟುಬಿಟ್ಟಿದ್ದರು. ಅದೂ ನನ್ನ ಬೆನ್ನ ಹಿಂದೆ.

ಪಂದ್ಯ ಮುಗಿಯಿತು. ಕರಡಿ ನಡುಮೈದಾನಕ್ಕೆ ಜಾರಿ ಬಂದು ತಲೆ ತೆಗೆಯಿತು. ಕ್ಯಾಪ್ಟನ್ನಿನ ಮುಖ ಕಂಡದ್ದೇ ತಡ, ಜನ ಹೋ ಎಂದು ಎದ್ದು ನಿಂತರು. ಕೆಳಗಿನ ಸಾಲಿನಲ್ಲಿ ಬಸ್ಸಿನ ಅಜ್ಜಿ ಕಣ್ಣೊರೆಸಿಕೊಳ್ಳುತ್ತಿದ್ದರು. ಇಡೀ ಚಳಿಗಾಲ ತಾವು ತಬ್ಬಿಕೊಂಡದ್ದು ಈ ಕ್ಯಾಪ್ಟನ್ನನ್ನೇ ಎಂದು ಅವರು ನಂಬಿರಬೇಕು. ಕರಡಿಯ ತಲೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಕ್ಯಾಪ್ಟನ್ ನಮ್ಮ ಕಡೆಯಿಂದಲೇ ಒಂದು ಸುತ್ತು ಬಂದರು. ಬಿಳಿ ತುಪ್ಪಳದ ಮೇಲೆ, ಕಿವಿಯ ಹಿಂದೆ, ಕಪ್ಪು ಬೊಟ್ಟು ಹಾಗೇ ಇತ್ತು.

"ರೀ, ಅದು ನಾನಿಟ್ಟ ಬೊಟ್ಟು," ಎಂದಳು ಅಮ್ಮ.

ಚಪ್ಪಾಳೆ ತಟ್ಟುತ್ತಿದ್ದ ಅಪ್ಪನ ಕೈ ನಿಂತಿತು. ಅವರು ನನ್ನ ಕಡೆ ತಿರುಗಿದರು, ಬಾಯಿ ತೆರೆದರು. ಅಷ್ಟರಲ್ಲಿ ಪಕ್ಕದಲ್ಲಿ ಕೂತಿದ್ದ ಅವರ ಆಫೀಸಿನ ಸಹೋದ್ಯೋಗಿಯೊಬ್ಬ ನಗುತ್ತಾ ಇತ್ತ ನೋಡಿದ. ಅಪ್ಪನೂ ನಕ್ಕು, ಮತ್ತೆ ಚಪ್ಪಾಳೆ ತಟ್ಟತೊಡಗಿದರು.